ಬೇಡ ಅನ್ನಲು ಬಾರದವನು

"ಸಾರ್, ನಿಮಗೆ ಬಾಯಿಲ್ವಾ?"

ಪಂಕ್ತಿಯಲ್ಲಿ ಕೂತಿದ್ದ ಅರ್ಧ ಜನ ತಿರುಗಿ ನೋಡಿದರು.

ಬಸವನಗುಡಿಯ ಆ ಛತ್ರದಲ್ಲಿ ಮದುವೆ ಊಟ ಜೋರಾಗಿ ನಡೆದಿತ್ತು. ಶಿವರಂಜಿನಿಯ ಪಕ್ಕದ ಎಲೆಯಲ್ಲಿ ಆಗಲೇ ಎರಡು ಒಬ್ಬಟ್ಟು ಮುಗಿದು ಮೂರನೆಯದು ಬಿದ್ದಿತ್ತು. ಅದರ ಮೇಲೆ ಧಾರಾಳವಾಗಿ ತುಪ್ಪ. ಈಗ ಬಡಿಸುವವರು ಇನ್ನೊಂದನ್ನು ಹಿಡಿದು ಬಾಗಿದ್ದರು. ಎಲೆಯ ಮುಂದೆ ಕೂತಿದ್ದ ಮನುಷ್ಯ ಬೇಡ ಎನ್ನುವ ಬದಲು, ಮುಖದ ತುಂಬಾ ನಗು ತುಂಬಿಕೊಂಡು, ಪಲ್ಯವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಡುತ್ತಿದ್ದ!

ಶಾಸ್ತ್ರಕ್ಕೆಂದು ಎಲೆಯ ಮುಂದೆ ಕೂತು ಏನನ್ನೂ ಮುಟ್ಟದಿದ್ದ ಶಿವರಂಜಿನಿಗೆ ತಡೆಯಲಾಗಲಿಲ್ಲ. ಅವನ ಎಲೆಯ ಮೇಲೆ ತಾನೇ ಕೈ ಅಡ್ಡ ಹಿಡಿದುಬಿಟ್ಟಳು.

"ಇವರಿಗೆ ಸಾಕು. ಮುಂದೆ ಹೋಗಿ."

ಬಡಿಸುವವರು ಮರುಮಾತಾಡದೆ ಮುಂದಿನ ಎಲೆಗೆ ಹೋದರು. ಅಷ್ಟು ಸುಲಭವೇ ಎನ್ನುವಂತೆ ಅವನು ಬೆರಗಾಗಿ ನೋಡುತ್ತಾ ಕೂತ.

"ತುಂಬಾ ಥ್ಯಾಂಕ್ಸ್ ಮೇಡಂ... ಬೇಡ ಅಂದ್ರೆ ಅವರಿಗೆ ಬೇಜಾರಾಗುತ್ತೇನೋ ಅಂತ..."

"ಯಾರಿಗೆ? ಬಡಿಸೋರಿಗಾ? ಅವರಿಗೆ ನಿಮ್ಮ ಹೆಸರೂ ಗೊತ್ತಿಲ್ಲ!"

"ವೇಣುಗೋಪಾಲ್," ಎಂದ ಅವನು ಸಂಕೋಚದಿಂದ.

"ನಾನು ಕೇಳಲಿಲ್ಲ."

ಎಲೆ ಮಡಚಿ ಎದ್ದು ಹೋಗುವಾಗ ಅವಳ ಕಣ್ಣಿಗೆ ಅವನ ಅಂಗಿ ಬಿತ್ತು. ಬ್ಲೌಸ್ ಹೊಲಿಯುವ ಅಂಗಡಿ ನಡೆಸುವವಳ ಕಣ್ಣು ಅದು. ಹೊಸ ಅಂಗಿ, ಒಳ್ಳೆಯ ಹೊಲಿಗೆ. ಆದರೆ ಹೊಟ್ಟೆಯ ಬಳಿ ಗುಂಡಿಗಳು ಎಳೆಯುತ್ತಿದ್ದವು. ಇತ್ತೀಚೆಗೆ ತೆಳ್ಳಗಾಗಿ, ಆ ಖುಷಿಗೆ ಹೊಲಿಸಿಕೊಂಡ ಅಂಗಿ... ಈಗ ಮತ್ತೆ ಬಿಗಿಯಾಗುತ್ತಿದೆ.

'ಅಯ್ಯೋ ಪಾಪ!' ಎಂದುಕೊಂಡಳು. ಯಾಕೆಂದರೆ ಆ ದಾರಿಯಲ್ಲಿ ಅವಳೂ ನಡೆದಿದ್ದಳು. ಒಂದಲ್ಲ, ಎರಡು ಸಲ!

* * *

ಮುಂದಿನ ಶನಿವಾರ ಸಂಜೆ ಅವಳಿಗೊಂದು ಆಶ್ಚರ್ಯ ಕಾದಿತ್ತು.

ತ್ಯಾಗರಾಜನಗರದಲ್ಲಿ ಡಾಕ್ಟರ್ ಅಕ್ಷಯಾ ಅವರ ಕ್ಲಿನಿಕ್. ಅದರ ಮಹಡಿಯಲ್ಲಿ ಶನಿವಾರ ಒಂದು ಗುಂಪು ಸೇರುತ್ತಿತ್ತು. ಡಯಟ್ ಮಾಡಿ ತೂಕ ಇಳಿಸಿದವರ ಗುಂಪು. ಇಳಿಸಿದ್ದನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದವರ ಗುಂಪು ಎಂದರೆ ಇನ್ನೂ ಸರಿ.

ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ ಹೊಸಬನನ್ನು ನೋಡಿ ಶಿವರಂಜಿನಿ ನಿಂತುಬಿಟ್ಟಳು. ಅವನೂ ನಿಂತ. ಮುಖ ಕೆಂಪಾಯಿತು.

"ಒಬ್ಬಟ್ಟು..." ಎಂದ.

"ಶಿವರಂಜಿನಿ," ಎಂದಳು ಅವಳು. "ಕೇಳದೇ ಇದ್ರೂ ಹೇಳ್ತಿದೀನಿ."

ಇಬ್ಬರೂ ನಕ್ಕುಬಿಟ್ಟರು.

ವೇಣುಗೋಪಾಲ್ ಬಸವನಗುಡಿಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದ. ಮಾವಳ್ಳಿಯಲ್ಲಿ ಮನೆ. ತಾಯಿ, ಮಗ ಇಬ್ಬರೇ. ಒಂದು ವರ್ಷ ಕಷ್ಟಪಟ್ಟು ಹದಿನೆಂಟು ಕೆಜಿ ಇಳಿಸಿದ್ದ. ಕಾಲೇಜಿನಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು! ಆದರೆ ಡಯಟ್ ಮುಗಿದ ಮೇಲೆ, ಹೋದದ್ದು ಸದ್ದಿಲ್ಲದೆ ವಾಪಸ್ ಬರತೊಡಗಿತ್ತು. ವಿದ್ಯಾರ್ಥಿಯ ಹುಟ್ಟುಹಬ್ಬಕ್ಕೆ ಕೇಕು, ಸಹೋದ್ಯೋಗಿಯ ಮನೆ ಗೃಹಪ್ರವೇಶಕ್ಕೆ ಊಟ, ಪಕ್ಕದ ಮನೆಯವರು ಕಳಿಸಿದ ಚಕ್ಕುಲಿ... ಯಾವುದಕ್ಕೂ ಅವನಿಂದ ಬೇಡ ಅನ್ನಲಾಗುತ್ತಿರಲಿಲ್ಲ. ಹಸಿವಿಗಾಗಿ ಅಲ್ಲ, ಎದುರಿಗಿದ್ದವರ ಮುಖ ಬಾಡದಿರಲಿ ಎಂದು ತಿನ್ನುತ್ತಿದ್ದ.

"ಇಳಿಸೋದನ್ನ ನಾನು ಕಲಿಸಬಹುದು," ಎಂದರು ಡಾಕ್ಟರ್ ಅಕ್ಷಯಾ ಆ ಸಂಜೆ. "ಉಳಿಸ್ಕೊಳ್ಳೋ ಹೊತ್ತಿಗೆ ನಿಮ್ಮ ಸ್ವಭಾವ ಮುಂದೆ ಬರುತ್ತೆ. ಬೇಜಾರಾದಾಗ ತಿನ್ನೋರು ಒಂಥರಾ. ಒಂದು ದಿನ ತಪ್ಪಿದ್ರೆ 'ಎಲ್ಲಾ ಹೋಯ್ತು ಬಿಡು' ಅಂತ ಕೈ ಚೆಲ್ಲೋರು ಇನ್ನೊಂಥರಾ. ಯಾರಿಗೂ ಬೇಡ ಅನ್ನೋಕೆ ಆಗದೇ ಇರೋರು ಮತ್ತೊಂಥರಾ. ಬೈದ್ಕೋಬೇಡಿ. ನೀವು ಯಾವ ಥರಾ ಅಂತ ಮೊದಲು ಗುರುತು ಹಿಡ್ಕೊಳ್ಳಿ."

ವೇಣುಗೋಪಾಲ್ ತಲೆ ತಗ್ಗಿಸಿದ. ಶಿವರಂಜಿನಿ ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿ ಕೂತಳು. ಎರಡು ವರ್ಷದಿಂದ ಅವಳ ತೂಕ ಅಲುಗಾಡಿರಲಿಲ್ಲ!

ಡಾಕ್ಟರ್ ಅವಳ ಕಡೆ ತಿರುಗಿದರು. "ನಿಮ್ಮ ಹಠ ನಿಮ್ಮನ್ನ ಇಲ್ಲೀವರೆಗೂ ತಂದಿದೆ ಶಿವರಂಜಿನಿ. ಸಂತೋಷ. ಆದ್ರೆ ಒಂದು ಕೇಳ್ಲಾ? ಈ ಎರಡು ವರ್ಷದಲ್ಲಿ ಯಾರ ಜೊತೆಯಾದ್ರೂ ನೆಮ್ಮದಿಯಾಗಿ ಕೂತು ಊಟ ಮಾಡಿದೀರಾ?"

ಅವಳ ನೆಟ್ಟಗಿನ ಬೆನ್ನು ಬಾಗಿತು. ಅಳೆದು ಬೇಯಿಸಿದ ಅವಳ ಡಬ್ಬಿ ಬೇರೆ, ಅವಳು ಉಣ್ಣುವ ಹೊತ್ತು ಬೇರೆ. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವಳು ಅಂಗಡಿಯಲ್ಲಿರುತ್ತಿದ್ದಳು.

"ಆ ಹಠ ಒಂದಲ್ಲ ಒಂದು ದಿನ ಮುರಿಯುತ್ತೆ. ಮಾರನೇ ದಿನ ಬೆಳಿಗ್ಗೆ ನೀವೇನ್ ಮಾಡ್ತೀರಿ ಅನ್ನೋದೇ ಮುಖ್ಯ," ಎಂದರು ಡಾಕ್ಟರ್.

'ನನ್ನ ಹಠ ಮುರಿಯೋದಾ? ನೋಡೋಣ!' ಎಂದುಕೊಂಡಳು ಶಿವರಂಜಿನಿ.

* * *

ಅವಳ ಹಠಕ್ಕೂ ಒಂದು ಕಾರಣವಿತ್ತು.

ಚಾಮರಾಜಪೇಟೆಯ ಹಳೆಯ ವ್ಯಾಪಾರಸ್ಥರ ಮನೆತನ ಅವಳದು. ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ಸಂಬಂಧ ಕೂಡಿ ಬಂತೆಂದು ಹಸಿದುಕೊಂಡಿದ್ದು ಇಳಿಸಿದ್ದಳು. ಹುಡುಗನ ಕಡೆಯವರು ಬಂದರು, ನೋಡಿದರು, ಹೋಗುವಾಗ ಮೆಟ್ಟಿಲ ಮೇಲೆ ಆಡಿಕೊಂಡ ಮಾತು ಅವಳ ಕಿವಿಗೆ ಬಿತ್ತು.

"ಈಗೇನೋ ಸಣ್ಣಗಿದಾಳೆ. ಹಳೇ ಫೋಟೋ ನೋಡಿದ್ರಾ? ಮದುವೆ ಆದ್ಮೇಲೆ ಮತ್ತೆ ಊದ್ಕೊಂಡ್ರೆ?"

ಆ ಸಂಬಂಧ ಮುರಿಯಿತು. ಒಂದೇ ವರ್ಷದಲ್ಲಿ ತೂಕವೆಲ್ಲ ವಾಪಸ್ ಬಂತು, ಬಡ್ಡಿ ಸಮೇತ. ಮತ್ತೊಮ್ಮೆ ಇಳಿಸಿದಳು, ಮತ್ತೆ ಬಂತು. ಮೂರನೇ ಸಲ ಮಾತ್ರ ಯಾರಿಗಾಗಿಯೂ ಇಳಿಸಲಿಲ್ಲ. ಅಂಗಡಿಯಲ್ಲಿ ಇಡೀ ದಿನ ನಿಂತು ಬಟ್ಟೆ ಕತ್ತರಿಸಲು ಮಂಡಿ ನೋಯಬಾರದು ಎಂದು ಇಳಿಸಿದಳು. ಅಂದಿನಿಂದ 'ಬೇಡ' ಎನ್ನುವ ಮಾತನ್ನು ಚೆನ್ನಾಗಿ ಕಲಿತಳು. ಒಬ್ಬಟ್ಟಿಗೂ ಬೇಡ, ಸಂಬಂಧಗಳಿಗೂ ಬೇಡ. ತಾಯಿ ಶೈಲಜಮ್ಮ ಕೇಳಿ ಕೇಳಿ ಸುಸ್ತಾಗಿದ್ದರು.

ಅಂಥವಳು ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಒಬ್ಬ ಫಿಸಿಕ್ಸ್ ಮೇಷ್ಟ್ರ ಜೊತೆ ನಡೆಯತೊಡಗಿದ್ದೇ ದೊಡ್ಡ ಸುದ್ದಿ!

ಅವನಿಗೆ ಬೇಡ ಎನ್ನಲು ಕಲಿಸುವ ಕೆಲಸವನ್ನು ಅವಳೇ ಮೈಮೇಲೆ ಹಾಕಿಕೊಂಡಿದ್ದಳು.

"ಸರಿ, ನಾನೀಗ ನಿಮ್ಮಮ್ಮ. ಶುರು ಮಾಡೋಣ. ವೇಣು, ಇನ್ನೊಂದು ಮುದ್ದೆ ಹಾಕ್ಲೇನೋ?"

"ಅರ್ಧ ಹಾಕಮ್ಮ..."

"ಸೋತ್ರಿ! ಮತ್ತೆ ಹೇಳಿ. ಇನ್ನೊಂದು ಮುದ್ದೆ?"

"ಬೇ... ಚಿಕ್ಕದಾಗಿದ್ರೆ..."

"ಸಾರ್!"

"ನೀವು ಕೇಳೋ ಥರಾ ನಮ್ಮಮ್ಮ ಕೇಳಲ್ಲ ರೀ. ಅವರು ಕೇಳೋವಾಗ ಕಣ್ಣಲ್ಲೇ ಒಂಥರಾ..." ಅವನು ಮಾತು ನಿಲ್ಲಿಸಿದ. "ನಿಮಗೆ ಅದು ಅರ್ಥ ಆಗಲ್ಲ ಬಿಡಿ. ನೀವು ಧೈರ್ಯಸ್ಥೆ."

ಧೈರ್ಯಸ್ಥೆ! ಆ ಮಾತು ಇಡೀ ದಿನ ಅವಳ ಕಿವಿಯಲ್ಲಿ ಗುನುಗುತ್ತಿತ್ತು. ಗಟ್ಟಿಗಿತ್ತಿ, ಬಾಯಿಬಡುಕಿ, ಹಠಮಾರಿ... ಇದುವರೆಗೂ ಕೇಳಿದ್ದು ಇವೇ. ಅದನ್ನೇ ಒಬ್ಬ ಮನುಷ್ಯ ಧೈರ್ಯ ಎಂದು ಕರೆದಿದ್ದ!

ಅವನೂ ಅವಳಿಗೊಂದು ಪಾಠ ಹೇಳಿಕೊಟ್ಟ. ಒಂದು ಭಾನುವಾರ ನಡಿಗೆ ಮುಗಿಸಿ ಗಾಂಧಿಬಜಾರಿನ ಹೋಟೆಲ್ಲೊಂದರಲ್ಲಿ ಕೂರಿಸಿ, ಒಂದೇ ಮಸಾಲೆದೋಸೆ ತರಿಸಿದ. ಅವಳು ಎಂದಿನಂತೆ ಬಾಯಿ ತೆರೆಯುವ ಮೊದಲೇ ದೋಸೆಯನ್ನು ಮುರಿದು ತಟ್ಟೆಯನ್ನು ನಡುವೆ ಇಟ್ಟ.

"ಅರ್ಧ ನಿಮ್ದು, ಅರ್ಧ ನಂದು. ಇಬ್ಬರ ಲೆಕ್ಕದಲ್ಲೂ ತಪ್ಪಾಗಲ್ಲ."

"ಹೊರಗಡೆ ನಾನು ತಿನ್ನಲ್ಲ."

"ತಿನ್ನೋದಕ್ಕಲ್ಲ ಕರ್ಕೊಂಡು ಬಂದಿದ್ದು. ಜೊತೆಗೆ ಕೂರೋದಕ್ಕೆ."

ಅವಳು ಒಂದು ಚೂರು ಮುರಿದು ಬಾಯಿಗಿಟ್ಟಳು. ಬಿಸಿ, ಗರಿಗರಿ... ಕಣ್ಣು ಯಾಕೋ ಮಂಜಾಯಿತು. ಎಷ್ಟೋ ಕಾಲದ ಮೇಲೆ ಒಂದು ತುತ್ತನ್ನು ಅಳೆಯದೆ ನುಂಗಿದ್ದಳು.

'ಇವನ ಎದುರು ಕೂತ್ರೆ ನನಗೆ ಭಯವೇ ಆಗಲ್ಲವಲ್ಲ... ಇದೇನಿದು?'

ಅದೇನೆಂದು ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಮಾತ್ರ ಸಿದ್ಧಳಿರಲಿಲ್ಲ.

* * *

ಅಷ್ಟರಲ್ಲಿ ಮಾವಳ್ಳಿಯ ಮನೆಯಲ್ಲಿ ಬೇರೆಯೇ ಒಂದು ಕತೆ ನಡೆದಿತ್ತು.

ವೇಣುಗೋಪಾಲನ ತಾಯಿ ಸುಂದರಮ್ಮ ಮಗನಿಗೆ ಹೆಣ್ಣು ಹುಡುಕಿದ್ದರು. ನೆಂಟರ ಪೈಕಿಯ ಹುಡುಗಿ, ಹೆಸರು ವಾಣಿ.

"ಸುಮ್ನೆ ಹೋಗಿ ನೋಡ್ಕೊಂಡು ಬರೋಣ ಕಣೋ. ಒಪ್ಪಿದ್ರೆ ಒಪ್ಪು, ಇಲ್ದಿದ್ರೆ ಇಲ್ಲ."

ಅವನ ಮನಸ್ಸಿನಲ್ಲಿ ಆಗಲೇ ಲಾಲ್‌ಬಾಗಿನ ಭಾನುವಾರಗಳಿದ್ದವು. ಹೇಳಬೇಕೆಂದುಕೊಂಡ. ತಾಯಿಯ ಮುಖ ನೋಡಿದ. "ಹೂಂ," ಎಂದ.

ನೋಡಿ ಬಂದರು. ಅಲ್ಲಿ ಕೊಟ್ಟ ತಿಂಡಿ ಬೇಡವೆನ್ನಲಾಗಲಿಲ್ಲ. ಹುಡುಗಿ ಹೇಗೆ ಎಂದು ಕೇಳಿದಾಗ ಚೆನ್ನಾಗಿಲ್ಲ ಎನ್ನಲಾಗಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಹಿರಿಯರು ನಿಶ್ಚಿತಾರ್ಥಕ್ಕೆ ದಿನ ಗೊತ್ತು ಮಾಡಿಬಿಟ್ಟರು! ಒಳಗೊಳಗೇ ಕುದಿಯುತ್ತಾ ಅವನು ಕೊಟ್ಟಿದ್ದೆಲ್ಲ ತಿಂದ.

ತಿಂಗಳ ಕೊನೆಯ ಶನಿವಾರ ಗುಂಪಿನಲ್ಲಿ ತೂಕ ನೋಡಿದಾಗ, ಹಿಂದಿನ ತಿಂಗಳಿಗಿಂತ ಐದು ಕೆಜಿ ಹೆಚ್ಚಾಗಿತ್ತು.

ಅವನಿಗಿಂತ ಶಿವರಂಜಿನಿಗೇ ಹೆಚ್ಚು ನೋವಾಯಿತು. ಆ ನೋವು ಬಾಯಿಂದ ಹೊರಬಂದಾಗ ಮಾತ್ರ ಸಿಟ್ಟಾಗಿತ್ತು.

"ಮತ್ತೆ ಯಾರ ಮುಖ ನೋಡಿ ತಿಂದ್ರಿ? ಇಷ್ಟು ದಿನ ಕಲಿಸಿದ್ದೆಲ್ಲ ಎಲ್ಲಿ ಹೋಯ್ತು? ನಿಮಗೇನು ಬೇಕು ಅಂತ ನಿಮಗೇ ಗೊತ್ತಿಲ್ಲದೇ ಇದ್ರೆ, ನಿಮ್ಮನ್ನ ನಂಬ್ಕೊಂಡೋರ ಗತಿ ಏನು ಸಾರ್?"

ಎಲ್ಲರ ಎದುರಿಗೆ!

ವೇಣುಗೋಪಾಲನ ಮುಖ ಬಿಳಿಚಿಕೊಂಡಿತು. ಅವಳು ಹೇಳಿದ್ದು ತೂಕದ ಬಗ್ಗೆ. ಅವನಿಗೆ ತಾಕಿದ್ದು ಬೇರೆ. 'ನಂಬಿದವರ ಗತಿ'... ಇವಳಿಗೆ ವಿಷಯ ಗೊತ್ತಾಗಿಬಿಟ್ಟಿದೆಯೇ?

ಅವನು ಎದ್ದು ಹೋದ. ಮುಂದಿನ ಶನಿವಾರ ಬರಲಿಲ್ಲ. ಭಾನುವಾರ ಲಾಲ್‌ಬಾಗಿಗೂ ಬರಲಿಲ್ಲ. ಅವಳು ಕಳಿಸಿದ ಮೆಸೇಜುಗಳಿಗೆ ಒಂದೇ ಉತ್ತರ: 'ಕಾಲೇಜಿನಲ್ಲಿ ಕೆಲಸ ಜಾಸ್ತಿ.'

'ನನ್ನ ಬಾಯೇ ಹೀಗೆ... ಹತ್ತಿರ ಬಂದೋರನ್ನೆಲ್ಲ ಓಡಿಸಿಬಿಡುತ್ತೆ,' ಎಂದುಕೊಂಡಳು ಶಿವರಂಜಿನಿ. ಬಟ್ಟೆ ಕತ್ತರಿಸುವಾಗ ಮೊಟ್ಟಮೊದಲ ಸಲ ಅವಳ ಕತ್ತರಿ ಗೆರೆ ತಪ್ಪಿತು.

* * *

ಒಂದು ಮಧ್ಯಾಹ್ನ ಅಂಗಡಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಕೈಯಲ್ಲಿ ಹಸಿರು ರೇಷ್ಮೆಯ ಬ್ಲೌಸ್ ಪೀಸು.

"ನಿಶ್ಚಿತಾರ್ಥಕ್ಕೆ ಮೇಡಂ. ಚೆನ್ನಾಗಿ ಫಿಟ್ಟಿಂಗ್ ಬರ್ಬೇಕು."

"ಬರುತ್ತೆ ಬನ್ನಿ," ಎಂದು ಟೇಪು ಎತ್ತಿಕೊಂಡಳು ಶಿವರಂಜಿನಿ. "ಹುಡುಗ ಏನ್ ಮಾಡ್ತಾರೆ?"

"ಲೆಕ್ಚರರ್. ನೋಡಿ, ಇವರೇ." ಹುಡುಗಿ ಫೋನ್ ಮುಂದೆ ಹಿಡಿದಳು. "ತುಂಬಾ ಒಳ್ಳೇವ್ರು. ಏನ್ ಕೇಳಿದ್ರೂ ಹೂಂ ಅಂತಾರೆ! ಅದೇ ಒಂಚೂರು ಭಯ ನಂಗೆ. ಹಾಲ್ ಇದೇ ಆಗ್ಬಹುದಾ ಅಂದ್ರೆ ಹೂಂ, ಅದಾಗ್ಬಹುದಾ ಅಂದ್ರೂ ಹೂಂ. ಅವರಿಗೆ ಏನ್ ಇಷ್ಟ ಅಂತಾನೇ ಗೊತ್ತಾಗ್ತಿಲ್ಲ."

ಫೋನಿನಲ್ಲಿ ವೇಣುಗೋಪಾಲ್ ನಗುತ್ತಿದ್ದ.

ಶಿವರಂಜಿನಿಯ ಕಿವಿ ಗುಂಯ್‌ಗುಟ್ಟಿತು. ಆದರೂ ಟೇಪು ಕೆಳಗಿಡಲಿಲ್ಲ. ಭುಜ, ತೋಳು, ಸೊಂಟ... ಒಂದೊಂದೂ ಅಳತೆ ತೆಗೆದಳು. ಈ ಹುಡುಗಿಯದೇನು ತಪ್ಪು?

"ಹೆಸರು ಹೇಳಿ, ಬರ್ಕೋತೀನಿ."

"ವಾಣಿ."

ಅವಳು ಹೋದ ಮೇಲೆ ಶಿವರಂಜಿನಿ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದಳು. ಶೈಲಜಮ್ಮ ಹಿತ್ತಲಲ್ಲಿದ್ದರು. ಅಡುಗೆಮನೆಯಲ್ಲಿ ಹಿಂದಿನ ದಿನ ಮಾಡಿದ ಕರ್ಜಿಕಾಯಿಯ ಡಬ್ಬ. ಮುಚ್ಚಳ ತೆಗೆದಳು. ನಿಂತಲ್ಲೇ ಒಂದು ತಿಂದಳು. ಇನ್ನೊಂದು. ಮತ್ತೊಂದು... ರುಚಿ ಗೊತ್ತಾಗುತ್ತಿರಲಿಲ್ಲ. ಕಣ್ಣೀರು ಕೆನ್ನೆಯಿಂದ ಇಳಿದು ಕರ್ಜಿಕಾಯಿಯ ಮೇಲೇ ಬೀಳುತ್ತಿತ್ತು. ಡಬ್ಬದ ತಳ ಕಂಡಾಗ ನಿಲ್ಲಿಸಿದಳು.

ಬಾಗಿಲಲ್ಲಿ ಶೈಲಜಮ್ಮ ನಿಂತಿದ್ದರು. ಹತ್ತಿರ ಬಂದು ಸೆರಗಿನಿಂದ ಮಗಳ ಬಾಯಿ ಒರೆಸಿದರು.

"ಅಮ್ಮಾ... ಎಲ್ಲಾ ಹಾಳಾಯ್ತು," ಎಂದು ಅವಳು ಬಿಕ್ಕಿದಳು.

"ಏನೂ ಹಾಳಾಗಿಲ್ಲ. ಮುಖ ತೊಳ್ಕೊ ಹೋಗು."

* * *

ಮಾರನೇ ಬೆಳಿಗ್ಗೆ ಎದ್ದಾಗ ಡಾಕ್ಟರ ಮಾತು ನೆನಪಾಯಿತು.

ಮೊದಲಾಗಿದ್ದರೆ ಇಲ್ಲಿಂದಲೇ ಜಾರುತ್ತಿದ್ದಳು. ಹೇಗೂ ಕೆಟ್ಟಿತಲ್ಲ ಎಂದು ಇಡೀ ವಾರ ತಿನ್ನುವುದು, ಇಲ್ಲವೇ ಶಿಕ್ಷೆ ಎಂಬಂತೆ ಇಡೀ ದಿನ ಉಪವಾಸ ಇರುವುದು. ಎರಡನ್ನೂ ಮಾಡಲಿಲ್ಲ. ಎಂದಿನಂತೆ ಷೂ ಕಟ್ಟಿದಳು, ಎಂದಿನಂತೆ ನಡೆದಳು. ವಾಪಸ್ ಬಂದು ಅಡುಗೆಮನೆಯಲ್ಲಿ ತಾಯಿಯ ಪಕ್ಕದಲ್ಲೇ ಕೂತು ಎರಡು ಇಡ್ಲಿ ತಿಂದಳು. ಶೈಲಜಮ್ಮ ಮಗಳ ಕಡೆ ನೋಡಿ ನೋಡಿ ತಾವೂ ಒಂದು ಇಡ್ಲಿ ಹೆಚ್ಚಿಗೆ ತಿಂದರು.

ಹಠ ಮುರಿದಿತ್ತು. ಅವಳು ಮುರಿದಿರಲಿಲ್ಲ!

ಅದು ಗೊತ್ತಾದ ಕೂಡಲೇ ಎದೆಯೊಳಗೆ ಏನೋ ಗಟ್ಟಿಯಾಗಿ ನಿಂತಿತು. ವೇಣುಗೋಪಾಲನ ವಿಷಯದಲ್ಲಿ ಏನು ಮಾಡಬೇಕೆಂದೂ ಹೊಳೆಯಿತು. ಬೇಡುವುದಿಲ್ಲ. ಅಳುವುದಿಲ್ಲ. ಆದರೆ ಹೇಳದೆ ಬಿಡುವುದೂ ಇಲ್ಲ.

ಸಂಜೆ ಕಾಲೇಜು ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತಿದ್ದಳು. ಅವಳನ್ನು ಕಂಡು ಅವನ ಹೆಜ್ಜೆ ತಡವರಿಸಿತು. ಇಬ್ಬರೂ ಬ್ಯೂಗಲ್ ರಾಕ್ ಪಾರ್ಕಿನವರೆಗೂ ನಡೆದರು. ಬಾವಲಿಗಳು ಮರದ ತುಂಬಾ ಕಿಚಗುಟ್ಟುತ್ತಿದ್ದವು.

"ವಾಣಿ ನಮ್ಮ ಅಂಗಡಿಗೆ ಬಂದಿದ್ರು," ಎಂದಳು. "ನಿಶ್ಚಿತಾರ್ಥದ ಬ್ಲೌಸ್ ಹೊಲಿಸೋಕೆ."

"ರಂಜಿನಿ ಅವರೇ... ನಾನು... ಅದು..."

"ಮೊದಲು ನಾನು ಮಾತಾಡ್ತೀನಿ. ಅವತ್ತು ಎಲ್ಲರ ಮುಂದೆ ಹಾಗೆ ಕೂಗಾಡಿದ್ದು ತಪ್ಪು. ನನಗೆ ನೋವಾಗಿತ್ತು, ಅದನ್ನ ಸಿಟ್ಟು ಮಾಡ್ಕೊಂಡೆ. ಕ್ಷಮಿಸಿ."

ಅವನ ಕಣ್ಣು ತುಂಬಿ ಬಂತು.

"ಎರಡನೇದು," ಎಂದು ಅವಳು ಉಸಿರೆಳೆದುಕೊಂಡಳು. "ನೀವು ನನಗೆ ಇಷ್ಟ. ಒಂದು ಕೆಜಿ ಹೆಚ್ಚಾಗ್ಲಿ, ಹತ್ತು ಕೆಜಿ ಹೆಚ್ಚಾಗ್ಲಿ, ಇಷ್ಟ. ಇದನ್ನ ಹೇಳೋಕೆ ಬಂದೆ."

"ರಂಜಿನಿ..."

"ಈಗ್ಲೇ ಏನೂ ಹೇಳ್ಬೇಡಿ! ಹೂಂ ಅಂತ ಅಂದ್ಬಿಡ್ತೀರಿ. ಎದುರಿಗೆ ಯಾರಿದ್ರೂ ನಿಮಗೆ ಹೂಂ ಅಂತಾನೇ ಬರೋದು. ಆ ಹೂಂ ನನಗೆ ಬೇಡ." ಅವಳ ದನಿ ನಡುಗಿತು, ಮಾತು ಮಾತ್ರ ನಡುಗಲಿಲ್ಲ. "ಮನೆಗೆ ಹೋಗಿ. ಯೋಚ್ನೆ ಮಾಡಿ. ಯಾರಾದ್ರೂ ಒಬ್ಬರಿಗೆ ನೀವು ಬೇಡ ಅನ್ಲೇಬೇಕು. ಅದು ನಾನೇ ಆದ್ರೂ ಪರವಾಗಿಲ್ಲ, ತಡ್ಕೋತೀನಿ. ಆದ್ರೆ ನೀವೇ ಬಾಯಿ ಬಿಟ್ಟು ಹೇಳ್ಬೇಕು."

ತಿರುಗಿ ಹೊರಟಳು. ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ, ಅವನು ಬಂಡೆಗೆ ಒರಗಿ ಮಕ್ಕಳಂತೆ ಅಳುತ್ತಿದ್ದುದು ಕಾಣುತ್ತಿತ್ತು.

* * *

ಭಾನುವಾರ ಮಧ್ಯಾಹ್ನ. ಸುಂದರಮ್ಮ ಮಗನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಲು ಬಂದರು.

"ಬೇಡ ಅಮ್ಮ."

ಅವರು ಮುದ್ದೆ ಹಿಡಿದು ಹಾಗೇ ನಿಂತರು. "ಯಾಕೋ? ಮೈ ಹುಷಾರಿಲ್ವಾ?"

"ಹುಷಾರಾಗಿದೀನಿ. ಹೊಟ್ಟೆ ತುಂಬಿದೆ." ಅವನು ತಲೆಯೆತ್ತಿದ. "ಈ ಮದುವೇನೂ ಬೇಡ ಅಮ್ಮ. ವಾಣಿ ಒಳ್ಳೇ ಹುಡುಗಿ. ಆದ್ರೆ ನನ್ನ ಮನಸ್ಸಲ್ಲಿ ಬೇರೆಯೋರು ಇದಾರೆ. ಮೊದಲೇ ಹೇಳ್ಬೇಕಿತ್ತು. ಹೇಳೋಕೆ ಆಗಲಿಲ್ಲ."

ಸುಂದರಮ್ಮ ಕೂಗಾಡಿದರು. ನೆಂಟರಿಗೆ ಏನು ಹೇಳುವುದು ಎಂದರು. ಹುಡುಗಿ ಯಾರು, ಯಾವ ಜನ ಎಂದರು. ಲಿಂಗಾಯತರು ಎಂದಾಗ, "ನಮ್ಮ ಮನೇಲಿ ಕೋಳಿ ಬೇಯೋದು ಗೊತ್ತಾ ಅವಳಿಗೆ?" ಎಂದರು. ಎಲ್ಲಕ್ಕೂ ಅವನು ಸಮಾಧಾನವಾಗಿ ಉತ್ತರಿಸಿದ. ಎದ್ದು ಓಡಲಿಲ್ಲ. ಮಾತು ಬದಲಿಸಲೂ ಇಲ್ಲ.

ಕೊನೆಗೆ ಅವರು ಅಳುತ್ತಾ ಕೂತರು.

"ನಿಮ್ಮಪ್ಪ ಹೋದಾಗ ನೀನು ಚಿಕ್ಕೋನು. ತಟ್ಟೆ ಮುಂದೆ ಕೂತು ಒಂದಗಳು ಮುಟ್ತಿರಲಿಲ್ಲ. ಇವನೂ ನನ್ನ ಬಿಟ್ಟು ಹೋಗ್ತಾನೇನೋ ಅನ್ಸ್ಬಿಟ್ಟಿತ್ತು. ಅವತ್ತಿಂದ ನೀನು ಬೇಡ ಅಂದ್ರೆ ನನ್ನ ಜೀವ ಹೋಗುತ್ತೆ ಕಣೋ..."

ವೇಣುಗೋಪಾಲ್ ಅವರ ಕೈ ಹಿಡಿದುಕೊಂಡ. ಇಷ್ಟು ವರ್ಷ ತಾನು ನುಂಗಿದ್ದು ತಾಯಿಯ ಭಯವನ್ನು ಎಂದು ಆಗ ತಿಳಿಯಿತು.

"ನಾನೆಲ್ಲೂ ಹೋಗಲ್ಲ ಅಮ್ಮ. ಹಸಿವಾದ್ರೆ ನಾನೇ ಬಂದು ಕೇಳ್ತೀನಿ. ಬೇಡ ಅಂದ್ರೆ ಹೊಟ್ಟೆ ತುಂಬಿದೆ ಅಂತ ಅಷ್ಟೇ. ನೀನು ಬೇಡ ಅಂತಲ್ಲ."

ಸುಂದರಮ್ಮ ಅವನ ತಲೆ ಸವರಿದರು. ಆಮೇಲೆ ಮೂಗು ಒರೆಸಿಕೊಂಡು, "ವಾಣಿ ಮನೆಗೆ ಫೋನಲ್ಲಿ ಹೇಳ್ಬೇಡ. ನೀನೇ ಎದುರಿಗೆ ಹೋಗಿ ಹೇಳು. ಅದು ಮರ್ಯಾದೆ," ಎಂದರು.

ಅಂದೇ ಸಂಜೆ ಹೋದ. ವಾಣಿ ಚೆನ್ನಾಗಿ ಬೈದಳು. ಅವನು ತಲೆ ಬಾಗಿಸಿ ಕೇಳಿಸಿಕೊಂಡ.

* * *

ಬ್ಲೌಸ್ ತೆಗೆದುಕೊಳ್ಳಲು ಬಂದ ವಾಣಿಯ ಮುಖ ಬಿಗಿದುಕೊಂಡಿತ್ತು.

"ನಿಶ್ಚಿತಾರ್ಥ ನಿಂತೋಯ್ತು ಮೇಡಂ."

ಶಿವರಂಜಿನಿ ಹೊಲಿದಿಟ್ಟ ಬ್ಲೌಸನ್ನು ಎತ್ತಿ ಮೇಜಿನ ಮೇಲಿಟ್ಟಳು. "ವಾಣಿ... ನಿಮ್ಮ ಹತ್ರ ಮುಚ್ಚಿಡಬಾರದು. ಅವರ ಮನಸ್ಸಲ್ಲಿ ಯಾರಾದ್ರೂ ಇದ್ರೆ, ಅದು ನಾನಿರಬಹುದು."

ವಾಣಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಸ್ವಲ್ಪ ಹೊತ್ತು ಸಿಟ್ಟು, ಆಮೇಲೆ ಒಂದು ನಿಟ್ಟುಸಿರು.

"ಅವತ್ತು ಅಳತೆ ತಗೊಳ್ಳೋವಾಗ ಗೊತ್ತಿತ್ತಾ?"

"ಫೋಟೋ ನೋಡಿದ್ಮೇಲೆ ಗೊತ್ತಾಯ್ತು."

"ಆದ್ರೂ ಸರಿಯಾಗೇ ಹೊಲಿದಿದೀರಾ?"

"ಹಾಕಿ ನೋಡಿ."

ವಾಣಿ ಒಳಗೆ ಹೋಗಿ ಹಾಕಿಕೊಂಡು ಬಂದು ಕನ್ನಡಿಯ ಮುಂದೆ ತಿರುಗಿದಳು. ಎಲ್ಲೂ ಒಂದು ಸುಕ್ಕಿಲ್ಲ. "ನನ್ನ ಫ್ರೆಂಡ್ ಮದುವೆಗೆ ಹಾಕೋತೀನಿ ಬಿಡಿ. ಇಷ್ಟು ಚೆನ್ನಾಗಿರೋದನ್ನ ಯಾಕೆ ಬಿಡ್ಲಿ? ನಂಗೂ ಏನ್ ಕೇಳಿದ್ರೂ ಹೂಂ ಅನ್ನೋರು ಸರಿಹೋಗಲ್ಲ. ಮೊದಲನೇ ಸಲ ಅವರು ಬಾಯ್ಬಿಟ್ಟು ಮಾತಾಡಿದ್ದೇ ನನ್ನ ಬೇಡ ಅನ್ನೋಕೆ!" ಎಂದು ನಗಲು ನೋಡಿದಳು. ಅರ್ಧ ನಗು ಬಂತು.

ಅವಳು ಹೋದ ಮೇಲೂ ಶಿವರಂಜಿನಿ ಬಾಗಿಲ ಕಡೆಗೇ ನೋಡುತ್ತಾ ನಿಂತಿದ್ದಳು.

'ಬೇಡ ಅಂದಿದಾನೆ... ನಿಜವಾಗ್ಲೂ ಅಂದಿದಾನೆ! ಆದ್ರೆ ನನಗೇನಂತಾನೆ?'

ಎರಡು ದಿನ ಅವನ ಸುಳಿವಿರಲಿಲ್ಲ. ಫೋನ್ ಮಾಡಲು ಕೈ ಹೋಗುತ್ತಿತ್ತು, ಹಿಡಿದುಕೊಂಡಳು. ಮೂರನೇ ದಿನ ಸಂಜೆ, ಚಾಮರಾಜಪೇಟೆಯ ಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ, ವೇಣುಗೋಪಾಲ್ ಅಂಗಡಿಯ ಮೆಟ್ಟಿಲು ಹತ್ತಿದ. ಕೆನ್ನೆ ಇನ್ನೂ ತುಂಬಿಕೊಂಡೇ ಇತ್ತು, ಕಣ್ಣಿನಲ್ಲಿ ಮಾತ್ರ ಅಳುಕಿರಲಿಲ್ಲ.

"ತಡ ಮಾಡಿದೆ," ಎಂದ. "ನೀವು ಯೋಚ್ನೆ ಮಾಡು ಅಂದ್ರಿ, ಮಾಡಿದೆ. ಎದುರಿಗೆ ಯಾರೂ ಇಲ್ಲದಾಗ, ಒಬ್ಬನೇ ಕೂತು. ಆಗಲೂ ನನಗೆ ನೀವೇ ಬೇಕು ಅನ್ನಿಸ್ತು."

ಅವಳು ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

"ಅವತ್ತು ಎದ್ದು ಹೋಗಿದ್ದು ಸಿಟ್ಟಿಗಲ್ಲ ರಂಜಿನಿ. ನಿಮ್ಮ ಮುಂದೆ ದಪ್ಪ ಆಗಿ ನಿಲ್ಲೋಕೆ ನಾಚಿಕೆ. ಅದಕ್ಕಿಂತ ಜಾಸ್ತಿ, ವಾಣಿ ವಿಷಯ ಹೇಳೋಕೆ ಭಯ."

"ನಾನೂ ಒಂದು ಡಬ್ಬ ಕರ್ಜಿಕಾಯಿ ಖಾಲಿ ಮಾಡಿದೆ," ಎಂದಳು ಮೆಲ್ಲಗೆ. "ವಾಣಿ ಬಂದು ಹೋದ ದಿನ."

"ನೀವಾ?!"

"ನಾನೇ. ಮಾರನೇ ದಿನ ಮತ್ತೆ ನಡೆಯೋಕೆ ಹೋದೆ."

ಅವನು ಅವಳನ್ನೇ ನೋಡಿದ. ಬೈಸಿಕೊಳ್ಳುವ ಹೆದರಿಕೆಯಿಲ್ಲದೆ, ತುಂಬು ಪ್ರೀತಿಯಿಂದ.

"ಅಮ್ಮ ಈ ಭಾನುವಾರ ನಿಮ್ಮನ್ನ ಮನೆಗೆ ಕರ್ಕೊಂಡು ಬಾ ಅಂದಿದಾರೆ. ಪೂರ್ತಿ ಒಪ್ಪಿಲ್ಲ ಇನ್ನೂ. ಆದ್ರೆ ನಿಮಗೆ ಅಂತ ಕೋಳಿ ಬೇಯಿಸದ ಹೊಸ ಪಾತ್ರೆ ತಂದಿಟ್ಟಿದಾರೆ."

ಅವಳ ಕಣ್ಣು ಒದ್ದೆಯಾಯಿತು. "ಹಾಗಾದ್ರೆ ಅರ್ಧ ಒಪ್ಪಿದಾರೆ."

"ರಂಜಿನಿ... ಒಂದು ಕೇಳ್ಲಾ? ನನ್ನ ಸ್ವಭಾವ ಒಂದೇ ದಿನಕ್ಕೆ ಬದಲಾಗಲ್ಲ. ಮತ್ತೆ ಯಾರದ್ದೋ ಮುಖ ನೋಡಿ ತಿಂತೀನಿ. ತೂಕ ಮತ್ತೆ ಹೆಚ್ಚಾದ್ರೆ?"

"ಹೆಚ್ಚಾಗುತ್ತೆ," ಎಂದಳು ಅವಳು ನಿರಾಳವಾಗಿ. "ಮತ್ತೆ ಇಳಿಸ್ತೀವಿ."

ಅವನ ಮುಖದಲ್ಲಿ ನಗು ನಿಧಾನವಾಗಿ ಅರಳಿತು. "ಇಳಿಸ್ತೀರಾ ಅನ್ನಲಿಲ್ಲ... ಇಳಿಸ್ತೀವಿ ಅಂದ್ರಿ!"

"ಫಿಸಿಕ್ಸ್ ಮೇಷ್ಟ್ರಿಗೆ ಕನ್ನಡ ವ್ಯಾಕರಣ ಬೇರೆ ಹೇಳ್ಕೊಡ್ಬೇಕಾ?"

"ಹೇಳ್ಕೊಡಿ. ಇನ್ನೊಂದ್ಸಲ ಹೇಳಿ."

"ಇಳಿಸ್ತೀವಿ," ಎಂದಳು ಶಿವರಂಜಿನಿ. ಕೈ ಚಾಚಿ ಅವನ ಬೆರಳುಗಳನ್ನು ಹಿಡಿದುಕೊಂಡಳು. "ಈ 'ರೀ', 'ನೀವು' ಎಲ್ಲಾ ಸಾಕು ವೇಣು. ನಡಿ, ನಮ್ಮಮ್ಮ ಮನೇಲಿದಾರೆ. ನೀನೇ ಹೇಳು."

"ಈಗ್ಲೇನಾ?"

"ಯಾಕೆ? ಭಯಾನಾ?"

"ಭಯ ಇದೆ," ಎಂದ ಅವನು, ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಾ. "ಆದ್ರೂ ನಾನೇ ಹೇಳ್ತೀನಿ. ನಡಿ."